ಎರಡು ನೂಲು ಆಕಾಶ

ಮ್ಯೂಸಿಯಂ ಇದೆ ಎಂದು ಗೊತ್ತಿತ್ತು, ಒಳಗೆ ಹೋಗಿರಲಿಲ್ಲ.
ಕೋಲಾರದ ಗಡಿಯಾರ ಗೋಪುರದ ಹತ್ತಿರ ನನ್ನ ಅಂಗಡಿ.
ಲಕ್ಷ್ಮಿಗೆ, ಕಾಬಾಕ್ಕೆ, ಮದುವೆ ಜೋಡಿಗೆ, ತೀರಿಹೋದವರಿಗೆ
ಒಂದೇ ಅಳತೆಪಟ್ಟಿಯಲ್ಲಿ ಕಟ್ಟು ಹಾಕುವವನು.
"ಇನಾಯತಣ್ಣಾ, ಕೋತಿ ನುಗ್ಗಿ ಒಂದು ಪಟ ಬೀಳಿಸೈತೆ,
ಗಾಜು ತಗೊಂಡು ಬಾ" ಎಂದು ಪಿಳ್ಳಪ್ಪನ ಫೋನು.

ಮೂರೇ ಕೋಣೆ.
ಮುಂದಿನದರ ಟ್ಯೂಬ್‌ಲೈಟು ಹಚ್ಚುತ್ತ, ದಾಟಿದ್ದನ್ನು ಆರಿಸುತ್ತ ಅವನು ನಡೆದ.
ಕತ್ತಿ ಎತ್ತಿದ ವೀರಗಲ್ಲಿನವನು
ನಮ್ಮ ಬೆನ್ನ ಹಿಂದೆ ಕತ್ತಲಾದ.

ಕೊನೆಯ ಗೋಡೆಗೆ ನೀರುಬಣ್ಣದ ಚಿತ್ರ.
ಗಣಿಯ ಕಾಲದ ಯಾರೋ ದೊರೆಸಾನಿ ಬರೆದ ಅಂತರಗಂಗೆ ಬೆಟ್ಟ.
ಹೆಸರಿಲ್ಲ, ರುಜುವಿಲ್ಲ.
"ಬಂಡೆ ನಮ್ದೇ" ಎಂದ ಪಿಳ್ಳಪ್ಪ,
ಹದಿನೇಳು ವರ್ಷ ಅದರೆದುರು ಸ್ಟೂಲು ಹಾಕಿ ಕೂತವನು.
"ಆಕಾಶ ಮಾತ್ರ ಆಯಮ್ಮ ಅವರೂರಿಂದ ತಂದಿದ್ದು.
ನೋಡು, ತೊಳೆದ ಪಂಚೆ ಇದ್ದಂಗೈತೆ. ನಮ್ಮಲ್ಲಿ ಎಲ್ಲೈತೆ ಅದು?"
ಹೌದೆನ್ನಿಸಿತು ನನಗೂ. ಚಳಿ ದೇಶದ ಬೂದು.

ನೆಲಕ್ಕೆ ಪೇಪರು ಹಾಸಿ ಬೋರಲು ಮಲಗಿಸಿದೆ.
ತುಕ್ಕು ಮೊಳೆ, ಹಿಂದಿನ ಹಲಗೆ, ಒಣಗಿದ ಹಲ್ಲಿಮೊಟ್ಟೆ ಒಂದು.
ತಿರುಗಿಸಿ ಮೌಂಟು ಎತ್ತಿದವನು
ಹಾಗೇ ಕೈ ನಿಲ್ಲಿಸಿದೆ.

ಅಂಚಿನಲ್ಲಿ ಒಂದು ಬೆರಳಗಲ
ಇಷ್ಟು ವರ್ಷ ಬೆಳಕು ಕಾಣದೆ ಉಳಿದ ಆಕಾಶ.
ನೀಲಿ! ನಮ್ಮ ಏಪ್ರಿಲ್ಲಿನ, ಹನ್ನೆರಡು ಗಂಟೆಯ,
ತಲೆಗೆ ಟವೆಲ್ಲು ಹಾಕಿಸುವ ನೀಲಿ.
ಮೂಲೆಯಲ್ಲಿ ಕುಂಚ ಒರೆಸಿದ ಕೆಮ್ಮಣ್ಣಿನ ಕಲೆ,
ಒದ್ದೆಯಿದ್ದಾಗ ತಾಗಿಬಿಟ್ಟ ಹೆಬ್ಬೆರಳು.

ಆಯಮ್ಮ ಏನೂ ತಂದಿರಲಿಲ್ಲ, ಕಂಡದ್ದನ್ನೇ ಬರೆದಿದ್ದಳು.
ಆ ಕಿಟಕಿಯ ಬಿಸಿಲೇ ದಿನಕ್ಕಿಷ್ಟು ದಿನಕ್ಕಿಷ್ಟು ಹೀರಿ
ಅವಳ ಆಕಾಶವನ್ನು ಪರದೇಶದ್ದು ಮಾಡಿತ್ತು.

ಪಿಳ್ಳಪ್ಪ ಬಂದು ಬಗ್ಗಿದ. ಬಹಳ ಹೊತ್ತು ಮಾತಿಲ್ಲ.
"ಹೆಬ್ಬೆಟ್ಟು ಸಣ್ಣದು" ಅಂದ, ಅಷ್ಟೆ.
ಹೋಗಿ ಕಿಟಕಿ ಮುಚ್ಚಿದ.

ಗಾಜು ಕೊಯ್ದೆ. ಅಂಗಡಿಗೆ ಓಡಿ ಹೊಸ ಮೌಂಟು ತಂದು
ಮೇಲ್ಗಡೆ ಎರಡು ನೂಲು ಜಾಸ್ತಿ ತೆರೆದು ಕತ್ತರಿಸಿದೆ.
ಬಿಲ್ಲಿನಲ್ಲಿ ಗಾಜು, ಮೊಳೆ, ಕೂಲಿ.
ಮೌಂಟಿನ ಕಾಸು ಬರೆಯಲಿಲ್ಲ.
ಸಾಹೇಬರು ಬಂದಾಗ ಕೇಳಿದರೆ
ಕೈ ತಪ್ಪಿತು ಸ್ವಾಮಿ ಎಂದರಾಯಿತು.

ಹೊರಗೆ ಬಂದರೆ ಬಸ್‌ಸ್ಟ್ಯಾಂಡಿನ ತಗಡುಗಳ ಮೇಲೆ, ಬೆಟ್ಟದ ಮೇಲೆ
ಅದು, ಮಂಡೆ ಸುಡುವಷ್ಟು.
ಟವೆಲ್ಲು ಒಳಗೇ ಮರೆತಿದ್ದೆ.