ನಲವತ್ತಮೂರು ನಿಮಿಷ

ಗೆಂಟ್ ಊರಿನ ಆಸ್ಪತ್ರೆ, ಐದನೇ ಮಹಡಿ.
ರಾತ್ರಿ ಪಾಳಿಗೆ ನಾವಿಬ್ಬರೇ, ಲೀವೆ ಮತ್ತು ನಾನು.
ಹದಿನಾಲ್ಕು ಹಾಸಿಗೆ, ಒಂದು ಕಾಫಿ ಯಂತ್ರ,
ಒತ್ತಿದರೆ ಮೊದಲು ಕೆಮ್ಮಿ ಆಮೇಲೆ ಸುರಿಯುವಂಥದ್ದು.

ಮೇ ತಿಂಗಳ ಒಂದು ನಸುಕು, ಮೂರೂ ಹತ್ತು.
ಏಳನೇ ಹಾಸಿಗೆಯ ಮುದುಕ ಆಗಷ್ಟೇ ನಿದ್ದೆಗೆ ಜಾರಿದ್ದ.
ಲೀವೆ ಕುರ್ಚಿಗೆ ಒರಗಿ ಸುದ್ದಿ ತೆರೆದಳು.
ಹೆಬ್ಬೆರಳು ಜಾರುತ್ತ ಜಾರುತ್ತ
ಎಲ್ಲೋ ಒಂದು ಕಡೆ ನಿಂತಿತು.
ನಿಂತದ್ದು ಬೆರಳಲ್ಲ, ಅವಳೇ:
ಗದ್ದ ಎದೆಗಿಳಿದು, ಬಾಯಿ ಅರೆತೆರೆದು.
ಬೆರಳು ತಾಗಿಯೇ ಇತ್ತಲ್ಲ, ಪರದೆ ಆರಲಿಲ್ಲ.

ಅದು ಪಾರಿವಾಳದ ಪಂದ್ಯದ ಸುದ್ದಿ.
ಯಾವುದೋ ಹಳ್ಳಿಯ ನೀಲಿ ಕೊರಳಿನ ಹೆಣ್ಣುಹಕ್ಕಿ
ಫ್ರಾನ್ಸಿನ ನಡುವಿನಿಂದ ಒಂದೇ ಹಗಲಲ್ಲಿ ಗೂಡು ಸೇರಿದ್ದು.
ನಲವತ್ತಮೂರು ನಿಮಿಷ ಓದಿದಳು
ಎಂದು ಬರೆದುಕೊಂಡಿತು,
ನಮ್ಮನ್ನು ಬರೆದುಕೊಳ್ಳುವುದು ಯಾವುದೋ ಅದು.

ಅದಕ್ಕೆ ಗೊರಕೆ ಕೇಳಿಸುವುದಿಲ್ಲ.
ರೆಪ್ಪೆ ಕಾಣುವುದಿಲ್ಲ.
ತಡೆದು ನಿಂತದ್ದೆಲ್ಲ ಅದಕ್ಕೆ ಒಲವು.

ಮರುದಿನ ಎರಡು ಪಾರಿವಾಳ. ವಾರ ಕಳೆದರೆ ಹತ್ತು.
ಕಾಳಿನ ಬೆಲೆ, ಪುಕ್ಕದ ರೋಗ, ಗೂಡಿನ ಹರಾಜು,
ಬಂಗಲೆಯ ಬೆಲೆಗೆ ಸಮುದ್ರದಾಚೆ ಮಾರಿಹೋದ ಗಂಡುಹಕ್ಕಿ.
ಮೊದಲು ನಕ್ಕಳು. ಆಮೇಲೆ ಓದಿದಳು.
ಓದಿದ್ದಕ್ಕೆ ಇನ್ನಷ್ಟು ಬಂದವು,
ಬಂದದ್ದಕ್ಕೆ ಇನ್ನಷ್ಟು ಓದಿದಳು.
ಬೇಸಿಗೆ ಮುಗಿಯುವಷ್ಟರಲ್ಲಿ
ಗಾಳಿ ಈಶಾನ್ಯಕ್ಕೆ ತಿರುಗಿದರೆ ಹಕ್ಕಿ ಎಷ್ಟು ತಡವೆಂದು
ಬಿ.ಪಿ. ಪಟ್ಟಿ ಸುತ್ತುತ್ತಲೇ ಹೇಳಬಲ್ಲವಳಾಗಿದ್ದಳು.

ನನ್ನ ಫೋನು ಬೇರೆ ಜಾತಿಯದು.
ಒಮ್ಮೆ ಪಿಂಚಣಿಯ ಲೆಕ್ಕ ಹುಡುಕಿದ್ದೆ, ಒಮ್ಮೆ ರೈಲು ಮುಷ್ಕರ.
ಅಂದಿನಿಂದ ನನ್ನ ಬೆಳಗೆಲ್ಲ ಬರೀ ಕಡಿತ, ಕೊರತೆ, ಬೀಗ.
ಅಕ್ಟೋಬರಿನ ಒಂದು ಗುರುವಾರ ಟ್ರಾಮಿನಲ್ಲಿ ನಿಂತೇ ಓದಿದೆ:
ಹೊಸ ವರ್ಷಕ್ಕೆ ನಮ್ಮ ಐದನೇ ಮಹಡಿ ಇರುವುದಿಲ್ಲ.

ಅವಳೂ ಓದಿರುತ್ತಾಳೆ ಅಂದುಕೊಂಡೆ.
ಒಂದೇ ಊರು, ಒಂದೇ ಪತ್ರಿಕೆ,
ತಲೆಯ ಮೇಲೆ ಅದೇ ಕೆಂಪು ಅಕ್ಷರ.
ಆ ರಾತ್ರಿ ಅವಳು ಬಾಯಿ ಬಿಟ್ಟದ್ದು
ಬೇಸಿಗೆಯ ಕೊನೇ ಪಂದ್ಯದಲ್ಲಿ ಕಳೆದುಹೋದ ಒಂದು ಹಕ್ಕಿಯ ಬಗ್ಗೆ.
ಎಂಥ ಗಟ್ಟಿಗಿತ್ತಿ, ಅನ್ನಿಸಿತು,
ಸಂಕಟ ನುಂಗಿಕೊಂಡು ಹಕ್ಕಿ ಹಾರಿಸುತ್ತಿದ್ದಾಳೆ.
ನಾನೂ ನುಂಗಿದೆ.
ಹೂಂ ಅಂದೆ. ಆಮೇಲೇನಾಯ್ತು ಅಂದೆ.
ಹೀಗೇ ಹದಿನಾರು ರಾತ್ರಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತಾರೆ.
ಅಂಗೈಯಲ್ಲೇ ಕನ್ನಡಿ ಹಿಡಿದವರಿಗೆ
ಅದರಡಿಯ ಹುಣ್ಣು ಕಾಣುವುದು ಹೇಗೆ?

ಕೊನೆಗೆ ಬಾಯಿಬಿಟ್ಟವನು ಬಟ್ಟೆಗಾಡಿ ತಳ್ಳುವ ಯೂರಿ.
ನಿಮ್ಮ ಮಹಡಿಗೆ ಹೊಸ ಹೊದಿಕೆ ಬೇಡ ಅಂದಿದ್ದಾರೆ,
ಹೇಗೂ ಮುಚ್ಚುತ್ತಲ್ಲ, ಅಂದ.
ಲೀವೆ ನನ್ನ ಕಡೆ ತಿರುಗಿದಳು.
ನಿನಗೆ ಗೊತ್ತಿತ್ತಾ?

ಇಪ್ಪತ್ತೆರಡು ವರ್ಷ ಒಟ್ಟಿಗೆ ಹೆಣ ತೊಳೆದವರು ನಾವು.
ನಿನಗೂ ಗೊತ್ತಿದೆ ಅಂತ, ಅಂದೆ.
ಮಾತು ಅಲ್ಲಿಗೇ ನಿಂತಿತು.
ಯಾರೂ ಒತ್ತದೆಯೇ ಕಾಫಿ ಯಂತ್ರ ಕೆಮ್ಮಿತು.

ಆಮೇಲೆ ಎರಡೂ ಫೋನು ಮೇಜಿನ ಮೇಲೆ, ಪಕ್ಕಪಕ್ಕ.
ಕನ್ನಡಕ ಮೂಗಿಗಿಳಿಸಿ ಅವಳು ನನ್ನದನ್ನು ಎತ್ತಿಕೊಂಡಳು,
ನಾನು ಅವಳದನ್ನು.
ಅಲ್ಲಿತ್ತು: ಆ ಕಳೆದುಹೋದ ಹಕ್ಕಿ
ಐವತ್ತೆರಡನೇ ದಿನ ಮನೆ ಸೇರಿತ್ತು,
ರೆಕ್ಕೆ ಮುರಿದು,
ರಸ್ತೆಯಂಚಿನಲ್ಲಿ ನಡೆದುಕೊಂಡು.

ಹೆಬ್ಬೆರಳು ಅದರ ಮೇಲಿಟ್ಟೆ.
ಎತ್ತಲಿಲ್ಲ.
ಎಚ್ಚರವಿದ್ದೇ, ಬೇಕೆಂದೇ.
ನನ್ನ ಬೀಗಗಳ ಮೇಲೆ ಅವಳ ಬೆರಳೂ ನಿಂತಿತ್ತು.
ಬರೆದುಕೊಳ್ಳಲಿ ಅದು,
ಯಾರನ್ನು ಯಾರೆಂದಾದರೂ.

ಹನ್ನೊಂದನೇ ಹಾಸಿಗೆಯ ಗಂಟೆ ಬಾರಿಸಿತು.
ಇಬ್ಬರೂ ಎದ್ದೆವು.