ಕಿರುಬೆರಳು

ನಮ್ಮ ಕೊಲ್ಲಿಯಲ್ಲಿ ಆ ಮಟ್ಟಿಗೆ 'ಒದ್ದೆ ಕಾಲುಚೀಲ' ಅನ್ನುತ್ತಾರೆ.
ಗುಡ್ಡದಾಚೆ ಅರ್ಡ್ರಾದಲ್ಲಿ ಹೆಸರೇ ಇಲ್ಲ,
'ಅದೇ, ಮಾನುಸ್ ನುಡಿಸುತ್ತಿದ್ದನಲ್ಲ', ಅಷ್ಟೆ.
ಸಮುದ್ರ ದಾಟಿ ಐಲಾ ದ್ವೀಪಕ್ಕೆ ಹೋದರೆ
'ಗಿಲ್‌ಕ್ರಿಸ್ಟಳ ಆಡು'.
ಕುಣಿತ ಒಂದೇ: ಮೊದಲ ಭಾಗ ಎರಡು ಸಲ,
ಎರಡನೆಯದು ಎರಡು ಸಲ,
ಮತ್ತೆ ಮೊದಲಿಂದ, ಹಲಗೆ ನೆಲ ಬಿಸಿಯಾಗುವ ತನಕ.

ಮಾನುಸ್ ನನ್ನ ಅಮ್ಮನ ಅಪ್ಪ.
ಹದಿನೇಳಕ್ಕೆ ಡೆರಿಯ ಹಡಗು ಹತ್ತಿ
ಸ್ಕಾಟ್ಲೆಂಡಿನ ಆಲೂಗಡ್ಡೆ ಹೊಲಕ್ಕೆ ಹೋದ.
ರಾತ್ರಿ ದನದ ಕೊಟ್ಟಿಗೆ.
ಪಕ್ಕದ ಹುಲ್ಲಿನಲ್ಲಿ ಮಲಗಿದ್ದ ಐಲಾದವನೊಬ್ಬ
ಬಾಯಲ್ಲೇ ಕಲಿಸಿದನಂತೆ. ಪಿಟೀಲೆಲ್ಲಿತ್ತು?
ಡಿಡ್ಲ ಡಮ್ಮ ಡಿಡ್ಲ ಡೀ,
ಅರ್ಥವಿಲ್ಲದ್ದು, ಹಾಗಾಗಿ ಮರೆಯಲಾಗದ್ದು.
ಅಜ್ಜ ಅದನ್ನು ನಾಲಿಗೆಯಡಿ ಇಟ್ಟುಕೊಂಡು
ನವೆಂಬರಿನಲ್ಲಿ ಊರಿಗೆ ತಂದ,
ಕೂಲಿಯ ಜೊತೆ, ಸುಂಕ ಕಟ್ಟದೆ.

ಅವರದು ಚಿಟಿಕೆ ಹೊಡೆದ ಹಾಗೆ:
ಚುಟುಕು ಮೊದಲು, ಉದ್ದ ಆಮೇಲೆ.
ನಮ್ಮದು ಸ್ವರಕ್ಕೊಂದು ಕಮಾನು,
ನಡುವೆ ಗಡಗಡನೆ ಮೂರು,
ಕಲ್ಲುದಾರಿಯಲ್ಲಿ ಖಾಲಿ ಗಾಡಿ ಇಳಿದಂತೆ.
ಇಷ್ಟು ಎಲ್ಲರಿಗೂ ಗೊತ್ತು.

ಮೂವತ್ತೊಂದನೆಯ ವಯಸ್ಸಿಗೆ
ಕಿಲಿಬೆಗ್ಸ್ ಬಂದರಿನಲ್ಲಿ, ದೋಣಿಯ ರಾಟೆಗೆ ಸಿಕ್ಕಿ
ಎಡಗೈಯ ಕಿರುಬೆರಳು ಹೋಯಿತು.
ಎರಡನೆಯ ಭಾಗದಲ್ಲಿ ಮಟ್ಟು ಮೇಲೇರುವ ಕಡೆ,
ಆ ತುದಿಯ ಸ್ವರಕ್ಕೆ ಎಟುಕುವ ಬೆರಳೇ ಇಲ್ಲ.
ಅಜ್ಜ ಏರಲಿಲ್ಲ.
ಕಮಾನನ್ನು ಧೊಪ್ಪನೆ ಖಾಲಿ ತಂತಿಗೆ ಇಳಿಸಿ
ಏನೂ ಆಗಿಲ್ಲದವನಂತೆ ಮುಂದೆ ನಡೆದ.

ಕಲಿಯಲು ಬಂದ ಹುಡುಗರಿಗೆ
ಹತ್ತೂ ಬೆರಳಿದ್ದವು.
ಅವರೂ ಧೊಪ್ಪನೆ ಇಳಿದರು.
ಕುಣಿಯುವವರು ಅಲ್ಲೊಂದು ಹಿಮ್ಮಡಿ ಊರಿದರು.
ಕಣಿವೆಗೆ ಕಣಿವೆಯೇ ಒಂಬತ್ತು ಬೆರಳಲ್ಲಿ ನುಡಿಸಿತು.
ಡಬ್ಲಿನ್ನಿನಿಂದ ಟೇಪು ಹೊತ್ತು ಬಂದವರೊಬ್ಬರು
'ಇದು ಈ ಪ್ರದೇಶದ ಗಂಭೀರ ಶೈಲಿ' ಎಂದು ಬರೆದುಕೊಂಡಾಗ
ಅಜ್ಜಿ ಗ್ರಾನ್ಯಾ ಪೀಟ್ ಬೆಂಕಿ ಕೆದಕುತ್ತ
'ಶೈಲಿಯಂತೆ! ಆ ಶೈಲಿಯನ್ನು ಬಂಗುಡೆ ಮೀನು ತಿಂದು
ನಲವತ್ತು ವರ್ಷವಾಯಿತು' ಅಂದಳು.
ಅದನ್ನು ಅವರು ಬರೆದುಕೊಳ್ಳಲಿಲ್ಲ.

ಹೋದ ವರ್ಷ ನಾನು ಐಲಾಕ್ಕೆ ಹೋದೆ.
ಓಯ್ರಿಕ್ ಎಂಬ ಮುದುಕಿ, ಎಂಬತ್ತೆಂಟು,
ಅಡುಗೆಮನೆಯಲ್ಲಿ ಒಲೆಗೆ ಬೆನ್ನು ಕೊಟ್ಟು
ಗಿಲ್‌ಕ್ರಿಸ್ಟಳ ಆಡನ್ನು ಬಿಟ್ಟಳು.
ಎರಡನೆಯ ಭಾಗ. ಏರು ಬಂತು.
ನನ್ನ ಹಿಮ್ಮಡಿ ಊರಿತು, ಅಭ್ಯಾಸಬಲ.
ಅವಳ ಕಿರುಬೆರಳು ಮಾತ್ರ ಮೇಲಕ್ಕೆ ಚಾಚಿತು,
ಸಣ್ಣ, ಬಿಳಿಯ, ಚೂಪಾದೊಂದು ಸ್ವರ.
ಹುಟ್ಟಿ ಬೆಳೆದ ಮನೆಗೆ ಇನ್ನೊಂದು ಅಟ್ಟವಿದೆಯೆಂದು
ಅರವತ್ತನೆಯ ವಯಸ್ಸಿನಲ್ಲಿ ಯಾರೋ ಏಣಿ ಇಟ್ಟು ತೋರಿಸಿದಂತೆ.

ಈಗ ನೀನು, ಅಂದಳು.
ನುಡಿಸಿದೆ. ಆ ಜಾಗದಲ್ಲಿ ಹುಬ್ಬೆತ್ತಿದಳು:
'ಅಲ್ಲೇನೋ ಬಿದ್ದಂತಾಯಿತಲ್ಲ?'
'ಬೆರಳು' ಅಂದೆ.
ಕತೆಯೆಲ್ಲ ಹೇಳಿ, ಅಸಲಿ ಮಟ್ಟು ನಿಮ್ಮದೇ ಎಂದೂ ಹೇಳಿದೆ,
ಕಳೆದದ್ದನ್ನು ಹುಡುಕಿ ಬಂದವಳ ಗಂಟಲಲ್ಲಿ.

ಓಯ್ರಿಕ್ ಕಮಾನಿನ ಕೂದಲು ಸಡಿಲಿಸಿದಳು.
'ಅಸಲಿಯೋ ಏನೋ ಮಗಳೇ.
ನಮ್ಮಪ್ಪ ಅಲ್ಲಿ ಅಷ್ಟು ಮೇಲೆ ಹೋಗುತ್ತಿರಲಿಲ್ಲ.
ಯಾವುದೋ ಚಳಿಗಾಲ ರೇಡಿಯೋದಲ್ಲಿ
ಯಾರೋ ಬೇರೇನನ್ನೋ ನುಡಿಸುತ್ತಿದ್ದರು,
ಅದು ನನ್ನ ಕೈಗೆ ಹತ್ತಿಕೊಂಡಿರಬೇಕು.
ಅಥವಾ ಅಪ್ಪನೇ ಹೋಗುತ್ತಿದ್ದನೋ. ನೆನಪಿಲ್ಲ.
ಚಹಾ ಹಾಕಲಾ?'

ಚಹಾದ ನಂತರ ಇಬ್ಬರೂ ಕೂಡಿ ನುಡಿಸಿದೆವು.
ಏರಿನಲ್ಲಿ ಅವಳು ಮೇಲೆ, ನಾನು ಕೆಳಗೆ.
ನಡುವಿನ ಖಾಲಿಯಲ್ಲಿ
ಒಬ್ಬ ಮನುಷ್ಯ ಬಗ್ಗದೆ ನಿಂತು
ಕೈ ತೂರುವಷ್ಟು ಜಾಗವಿತ್ತು.

ಮರಳುವ ಹಡಗಿನ ಕಂಬಿಯ ಮೇಲೆ
ನನ್ನ ಕಿರುಬೆರಳು ತಾನೇ ಚಾಚಿ ಚಾಚಿ ನೋಡಿತು.
ಎಟುಕುತ್ತದೆ. ಯಾವತ್ತೂ ಎಟುಕುತ್ತಿತ್ತು.

ಶುಕ್ರವಾರ ಪಾಠಕ್ಕೆ ಬರುವ ಫೀಯಕ್ರನಿಗೆ ಇನ್ನೂ ಹೇಳಿಲ್ಲ.
ಒಂಬತ್ತು ವರ್ಷ; ಆ ಜಾಗ ಬಂದರೆ
ಅವನ ಬೆರಳು ತಾನಾಗಿ ಮಡಚಿಕೊಳ್ಳುತ್ತದೆ,
ಕಂಡೇ ಇಲ್ಲದ ಒಂದು ರಾಟೆಗೆ ಹೆದರಿದಂತೆ.
ಹೇಳಿಬಿಡಲೇ ಅನ್ನಿಸುತ್ತದೆ ಪ್ರತಿ ವಾರ.
ಉಗುರು ಕತ್ತರಿಸಿಕೊಂಡು ಬಾ,
ಎಂದಷ್ಟೇ ಹೇಳಿ ಕಳಿಸುತ್ತೇನೆ.