ಎರಡನೇ ಖಾನಿ

ನಸುಕಿನ್ಯಾಗ ಬೀಪ್, ಬೀಪ್. ಕೆಂಪು ದೀಪ.
ಸ್ಟೋರೇಜ್ ಡಬ್ಬಿಯ ಎರಡನೇ ಡಿಸ್ಕ್ ಸತ್ತದ.
ಎಳದು ತಗದೆ; ಅಂಗೈಯಾಗ ಇನ್ನೂ ಬಿಸಿ.
ಶಹಾಬಾದ್ ಫರ್ಸಿ ಮ್ಯಾಲ ಇಟ್ಟೆ, ಆರಲಿ ಅಂತ.

ಕಲಬುರಗಿ ಸೂಪರ್ ಮಾರ್ಕೆಟ್‌ನ್ಯಾಗ ಹೊಸದು ಕೊಟ್ಟ ಇಲಿಯಾಸ್:
"ವಾರಂಟಿ ಚೀಟಿ ಕಳೀಬ್ಯಾಡ್ರಿ, ಟೀಚರ್."
ತುಂಬಲಿಕ್ಕ ಹನ್ನೊಂದು ತಾಸಂತ.
ಟೇಬಲ್ ಫ್ಯಾನು ಅದರ ಕಡಿ ತಿರುವಿ
ನಾ ಬೀಸಣಿಗಿ ಹಿಡದೆ.
ಕರೆಂಟೇ, ಇವತ್ತೊಂದಿನ ಹೋಗಬ್ಯಾಡಪಾ.

ಒಳಗ ಹನ್ನೆರಡು ಮೊಹರಂನ ರಿವಾಯತ್ ಪದ ಅದಾವ.
ಲಾಡ್ಲೇಸಾಬ್ ಮುಂದ, ಗುಂಡೇರಾಯ ಹಿಂದ.
ಲಾಡ್ಲೇಸಾಬ್ ತೀರಿದ ವರ್ಷ
ಗುಂಡೇರಾಯ ಒಬ್ಬ ಹುಡುಗನ್ನ ಎದುರು ಕೂಡಿಸಿಕೊಂಡು
ಒಂದೊಂದೇ ಸಾಲು ಹೇಳಿಕೊಟ್ಟ, ಹೊತ್ತು ಹೊಂಡೂತನ.
ಅವತ್ತ ನಾ ರೆಕಾರ್ಡ್ ಮಾಡಲಿಲ್ಲ.
ನೆಪ್ಪೇ ಆಗಲಿಲ್ಲ.

ಶೇಕಡಾ ಅರವತ್ತೆರಡು.
ಡಬ್ಬಿಗಿ ಕಿವಿ ಹಚ್ಚಿದೆ: ಕಟ್, ಕಟಕಟ.
ಹಳೇದು ಅಂತದ.
ಹಿಂದ ಹೊಸದು.